ಜಹ್ರಾದ ಬಸ್ಸು ತಡವಾದದ್ದು ಹೇಗೆ

ಆ ಶುಕ್ರವಾರ ಬಸ್ಸು ಕೆಟ್ಟಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ ನಡುವೆ ಎಲ್ಲಾದರೂ ಜಾರಿಕೊಳ್ಳುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು. ಇಂಜಿನ್ ಬಿಸಿಯಾಗಿರಲಿಲ್ಲ, ರೇಡಿಯೇಟರ್ ಸೋರಿರಲಿಲ್ಲ. ಜಹ್ರಾ ರಸ್ತೆಯ ಪೆಟ್ರೋಲ್ ಪಂಪಿನ ಪಕ್ಕದಲ್ಲಿ ಅದು ಒಂದು ಗಂಟೆ ಹನ್ನೆರಡು ನಿಮಿಷ ನಿಂತದ್ದು ನಾನು ನಿಲ್ಲಿಸಿದ್ದರಿಂದ. ಒಳಗೆ ನಲವತ್ತೊಂದು ಮತಗಳಿದ್ದವು.

ಕುವೈತಿನ ಮೈದಾನ್ ಹವಲ್ಲಿಯಲ್ಲಿರುವ ನಮ್ಮ ಶಾಲೆ ಯಾರೊಬ್ಬರ ಸ್ವಂತದ್ದಲ್ಲ. ನಮ್ಮ ದೇಶದಿಂದ ಬಂದವರು ಸೇರಿ ಕಟ್ಟಿದ್ದು. ಎರಡು ವರ್ಷಕ್ಕೊಮ್ಮೆ ಮಕ್ಕಳ ತಂದೆತಾಯಿಗಳು ಮತ ಹಾಕಿ ಏಳು ಜನರ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ನಾನು ಅಲ್ಲಿ ಬಸ್ಸುಗಳನ್ನು ನೋಡಿಕೊಳ್ಳುವವನು. ಯಾವ ಬಸ್ಸು ಯಾವ ದಾರಿ, ಯಾವ ಮಗು ಯಾವ ಕಟ್ಟಡದ ಕೆಳಗೆ ಎಷ್ಟು ಗಂಟೆಗೆ ನಿಂತಿರಬೇಕು ಎಂಬ ಪಟ್ಟಿ ನನ್ನದು. ಹೆಸರಿಗಿಂತ ಬಸ್ಸಿನ ನಂಬರಿನಿಂದಲೇ ನನಗೆ ಮಕ್ಕಳ ಗುರುತು.

ಶಾಲೆಗೆ ಎರಡು ಪಾಳಿ. ಬೆಳಗಿನದು ಇಂಜಿನಿಯರುಗಳ, ಡಾಕ್ಟರುಗಳ, ಬ್ಯಾಂಕಿನವರ ಮಕ್ಕಳದ್ದು. ಮಧ್ಯಾಹ್ನದ ಪಾಳಿಯ ಶುಲ್ಕ ಬೆಳಗಿನದರ ಅರ್ಧ. ಅದರಲ್ಲಿ ಡ್ರೈವರುಗಳ, ಅಂಗಡಿ ಕೆಲಸದವರ, ಚಿಕ್ಕ ಕ್ಲಿನಿಕ್ಕುಗಳ ನರ್ಸುಗಳ ಮಕ್ಕಳು ಓದುತ್ತಿದ್ದರು. ಅದೇ ಕಟ್ಟಡ, ಅದೇ ಪುಸ್ತಕ, ಅದೇ ಪರೀಕ್ಷೆ. ಬೆಳಗಿನ ಮಕ್ಕಳು ಬಿಟ್ಟುಹೋದ ಬೆಂಚು ತಣ್ಣಗಾಗುವ ಮೊದಲೇ ಇವರು ಬಂದು ಕೂರುತ್ತಿದ್ದರು. ಈ ಪಾಳಿ ಇಲ್ಲದಿದ್ದರೆ ಇವರಲ್ಲಿ ಹೆಚ್ಚಿನವರು ಮಕ್ಕಳನ್ನು ಊರಿಗೆ ಕಳಿಸಬೇಕಾಗುತ್ತಿತ್ತು. ಬೇರೆ ದಾರಿ ಇರಲಿಲ್ಲ.

ಆ ಸಲದ ಚುನಾವಣೆಯಲ್ಲಿ ಎರಡು ತಂಡಗಳಿದ್ದವು. ಹಳೆಯ ಮಂಡಳಿಯವರ ತಂಡ ಎರಡೂ ಪಾಳಿ ಇರಲಿ ಎನ್ನುತ್ತಿತ್ತು. ಹೊಸ ತಂಡದ ಮುಂದಾಳು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಮೈಸೂರು ಕಡೆಯವರು. ಶಾಲೆ ನಡೆಸುವ ಕೆಲಸವನ್ನು ಒಂದು ಕಂಪನಿಗೆ ಕೊಡಬೇಕು, ಮಧ್ಯಾಹ್ನದ ಪಾಳಿ ಮುಚ್ಚಬೇಕು ಎಂಬುದು ಅವರ ಮಾತು. ಅವರು ಕೆಟ್ಟವರೆಂದು ಬರೆದರೆ ನನಗೆ ಸುಲಭವಾಗುತ್ತಿತ್ತು. ಆದರೆ ಅವರು ಕೆಟ್ಟವರಲ್ಲ. ಒಂದು ದಿನ ನನ್ನ ಕೋಣೆಗೆ ಬಂದು, ಬಸ್ಸಿನ ಕೀಲಿಗಳು ನೇತಾಡುವ ಹಲಗೆಯ ಪಕ್ಕ ನಿಂತು ಹೇಳಿದರು:

"ನೀವೇ ಹೇಳಿ ಯಜಮಾನ್ರೇ. ಮಧ್ಯಾಹ್ನ ಒಂದು ಗಂಟೆಗೆ ಫಿಸಿಕ್ಸ್ ಮೇಷ್ಟ್ರು ಮನೆಗೆ ಹೋಗಿಬಿಡ್ತಾರೆ. ಆ ಮಕ್ಕಳಿಗೆ ಪಾಠ ಮಾಡೋರು ಯಾರು? ಅರ್ಧ ಶುಲ್ಕ ಅಂತ ಅರ್ಧ ಶಿಕ್ಷಣ ಕೊಡೋದು ನ್ಯಾಯಾನಾ?"

"ಅರ್ಧವಾದ್ರೂ ಸಿಗ್ತದಲ್ಲ ಸಾರ್" ಎಂದೆ.

"ಹಾಗಂತ ಎಷ್ಟು ವರ್ಷ ಹೇಳ್ಕೊಂಡು ಕೂರೋದು?" ಎಂದು ಅವರು ನಕ್ಕರು. ಅವರು ಹೇಳಿದ್ದು ಸುಳ್ಳಲ್ಲ. ಫಿಸಿಕ್ಸ್ ಮೇಷ್ಟ್ರು ಒಂದು ಗಂಟೆಗೆ ಹೋಗುವುದನ್ನು ನಾನೇ ದಿನವೂ ನೋಡುತ್ತಿದ್ದೆ. ಸರಿ ಯಾರು ಎಂದು ಆಗಲೂ ತಿಳಿಯಲಿಲ್ಲ, ಈಗಲೂ ಪೂರ್ತಿ ತಿಳಿದಿಲ್ಲ. ಆದರೆ ನನ್ನ ಮನಸ್ಸು ಜಹ್ರಾದ ಬಸ್ಸಿನ ಕಡೆಗಿತ್ತು.

ನಗರದಿಂದ ದೂರದ ಊರು ಜಹ್ರಾ, ನಮ್ಮ ದಾರಿಗಳಲ್ಲೇ ಉದ್ದದ್ದು. ಅಲ್ಲಿಂದ ಬರುವ ಮಕ್ಕಳೆಲ್ಲ ಮಧ್ಯಾಹ್ನದ ಪಾಳಿಯವರು. ಅವರಲ್ಲಿ ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ. ತಾಯಿ ಹಾಸನದ ಕಡೆಯವರು, ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ತಂದೆ ಅಲ್ಲೇ ಒಂದು ಬಕಾಲಾದಲ್ಲಿ, ಎಂದರೆ ದಿನಸಿ ಅಂಗಡಿಯಲ್ಲಿ ಕೆಲಸ. ಹುಡುಗಿ ಹುಟ್ಟಿದ್ದೇ ಕುವೈತಿನಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದಳು, ಆದರೆ ಒಂದು ದಿನವೂ ಗುಡ್ ಆಫ್ಟರ್‌ನೂನ್ ಹೇಳದೆ ಬಸ್ಸು ಹತ್ತಿದವಳಲ್ಲ. ಒಂಬತ್ತರಲ್ಲೇ ಹತ್ತನೆಯ ಪರೀಕ್ಷೆಗೆ ಹೆಸರು ನೋಂದಣಿ ಆಗುತ್ತದೆ. ಅದಾದ ಮೇಲೆ ಶಾಲೆ ಬದಲಿಸುವುದು ಕಷ್ಟ. ಹಾಗಾಗಿ ಆ ತಾಯಿಗೆ ಈ ಚುನಾವಣೆ ಎಂದರೆ ಒಂದೇ ಪ್ರಶ್ನೆ: ಮಗಳು ತನ್ನ ಜೊತೆ ಇರುತ್ತಾಳೋ, ಇಲ್ಲವೋ.

"ಅಂಕಲ್, ಏನಾಗ್ಬೋದು?" ಎಂದು ಅವರು ಫೋನಿನಲ್ಲಿ ಕೇಳುತ್ತಿದ್ದರು. ಬಸ್ಸಿನವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಜನರ ನಂಬಿಕೆ. ಆ ನಂಬಿಕೆ ನನಗೂ ರುಚಿಸುತ್ತಿತ್ತು.

ಚುನಾವಣೆಗೆ ಮೂರು ವಾರ ಮೊದಲು ನೋಟೀಸು ಬಂತು. ಹದಿನಾಲ್ಕು ಪುಟ, ಇಂಗ್ಲಿಷಿನಲ್ಲಿ. ಅದನ್ನು ಪ್ರತಿ ಮಗುವಿನ ಕೈಗೆ ಕೊಟ್ಟು ಮನೆಗೆ ಕಳಿಸುವ ಕೆಲಸ ಬಸ್ಸುಗಳದ್ದೇ. ನಾನೇ ಕಟ್ಟು ಕಟ್ಟಿ, ಬಸ್ಸಿಗೆ ಇಷ್ಟು ಎಂದು ಎಣಿಸಿ ಕೊಟ್ಟೆ. ಓದಿದ್ದು ಮೊದಲ ಪುಟ ಮಾತ್ರ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸಭೆ. ಒಂದು ಕುಟುಂಬಕ್ಕೆ ಒಂದು ಮತ. ಮತದಾರರು ತಾವೇ ಬಂದು ಮೊಬೈಲಿನಲ್ಲಿ ಸಿವಿಲ್ ಐಡಿ ತೋರಿಸಬೇಕು. ಸಭೆಗೆ ಕೋರಂ ಮುನ್ನೂರು ಜನ. ಉಳಿದ ಹದಿಮೂರು ಪುಟದಲ್ಲಿ ನಿಯಮಗಳಿದ್ದವು. ಹೈಸ್ಕೂಲು ಮುಗಿಸಿದವನಿಗೆ ಅಷ್ಟು ಇಂಗ್ಲಿಷು ಓದುವುದು ಕಷ್ಟವೇ, ಆದರೆ ಅದು ನೆಪ. ನಿಧಾನವಾಗಿ ಓದಿದ್ದರೆ ಅರ್ಥವಾಗುತ್ತಿತ್ತು.

ಕೋರಂ ಎಂಬ ಪದ ನೋಡಿದಾಗ ನನ್ನ ಮನಸ್ಸು ಮೂವತ್ತೈದು ವರ್ಷ ಹಿಂದಕ್ಕೆ ಹೋಯಿತು. ಆಗ ನಾನು ಕಾರ್ಕಳದ ಕಡೆ ಜೀಪು ಓಡಿಸುತ್ತಿದ್ದೆ. ನಮ್ಮ ಮಂಡಲ ಪಂಚಾಯತಿಯ ಅಧ್ಯಕ್ಷರ ಮೇಲೆ ಅವಿಶ್ವಾಸ ತಂದಿದ್ದರು. ಸಭೆಯ ದಿನ ಬೆಳಿಗ್ಗೆ ಅಧ್ಯಕ್ಷರು ನಾಲ್ವರು ಸದಸ್ಯರನ್ನು ನನ್ನ ಜೀಪಿನಲ್ಲಿ ಕೂರಿಸಿ, ಘಟ್ಟದ ಮೇಲಿನ ದೇವಸ್ಥಾನಕ್ಕೆ ಕಳಿಸಿದರು. ಊಟ, ಪ್ರಸಾದ ಎಲ್ಲ ಮುಗಿಸಿ ಸಂಜೆ ಬಂದೆವು. ಕೋರಂ ಇರಲಿಲ್ಲ, ಸಭೆ ನಡೆಯಲಿಲ್ಲ, ಅಧ್ಯಕ್ಷರು ಉಳಿದರು. ಕೋರಂ ಇಲ್ಲದಿದ್ದರೆ ಸಭೆ ಇಲ್ಲ: ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ, ಆ ಜೀಪಿನಲ್ಲಿ ಕಲಿತೆ. ಜೀಪಿನಲ್ಲಿ ಕಲಿತದ್ದನ್ನು ಯಾರ ಹತ್ತಿರವೂ ಕೇಳಿ ಖಚಿತ ಮಾಡಿಕೊಳ್ಳಬೇಕೆಂದು ಅನ್ನಿಸಲಿಲ್ಲ.

ಶಾಲೆ ದೂರದವರಿಗಾಗಿ ಮತದಾನದ ದಿನ ಬಸ್ಸು ಬಿಡುವ ಪದ್ಧತಿ ಇತ್ತು. ಯಾರು ಬರುತ್ತೀರಿ ಎಂದು ಮೊದಲೇ ಕೇಳಿ, ಬಸ್ಸಿನ ಪ್ರಕಾರ ಪಟ್ಟಿ ಮಾಡಿದೆ. ಸ್ವಂತ ಕಾರಿನಲ್ಲಿ ಬರುವವರನ್ನೂ ಅಂದಾಜು ಮಾಡಿದೆ. ಒಟ್ಟು ಸುಮಾರು ಮುನ್ನೂರ ಹತ್ತು. ಆಮೇಲೆ ಇನ್ನೊಂದು ಲೆಕ್ಕ ಹಾಕಿದೆ. ಬೆಳಗಿನ ಬಸ್ಸಿನವರೆಲ್ಲ ಹೊಸ ತಂಡಕ್ಕೆ, ಮಧ್ಯಾಹ್ನದ ಬಸ್ಸಿನವರೆಲ್ಲ ಹಳೆ ತಂಡಕ್ಕೆ. ಹೊಸ ತಂಡ ಇನ್ನೂರು, ನಾವು ನೂರು. ಸೋಲು ಖಚಿತ. ಉಳ್ಳವರ ಬಡಾವಣೆಯಾದ ಸಲ್ವಾದಲ್ಲಿ ಕಾರಿನಲ್ಲಿ ಓಡಾಡುವ ಒಬ್ಬ ಡಾಕ್ಟರು, ಜಹ್ರಾದ ಬಕಾಲಾದವನ ಮಗಳಿಗಾಗಿ ಮತ ಹಾಕಬಹುದು ಎಂದು ನನ್ನ ತಲೆಗೆ ಬರಲೇ ಇಲ್ಲ. ಮಕ್ಕಳನ್ನು ಬಸ್ಸಿನಿಂದ ಗುರುತಿಸಿ ಅಭ್ಯಾಸವಾಗಿದ್ದವನು ದೊಡ್ಡವರನ್ನೂ ಹಾಗೇ ಗುರುತಿಸಿದೆ.

ಪಟ್ಟಿ ನೋಡುತ್ತ ಕುಳಿತಾಗ ಒಂದು ಸಂಖ್ಯೆ ಕಣ್ಣಿಗೆ ಬಿತ್ತು. ಜಹ್ರಾ ನಲವತ್ತೊಂದು. ಮುನ್ನೂರ ಹತ್ತರಲ್ಲಿ ಅದನ್ನು ಕಳೆದರೆ ಮುನ್ನೂರು ಆಗುವುದಿಲ್ಲ. ಕೋರಂ ಆಗುವುದಿಲ್ಲ. ಚುನಾವಣೆ ನಡೆಯುವುದಿಲ್ಲ. ಹಳೆ ಮಂಡಳಿಯೇ ಮುಂದುವರಿಯುತ್ತದೆ. ಆ ಹುಡುಗಿ ಹತ್ತು ಮುಗಿಸುತ್ತಾಳೆ.

ಮೂರು ದಿನ ಈ ಯೋಚನೆಯನ್ನು ತಲೆಯಲ್ಲಿಟ್ಟುಕೊಂಡು ತಿರುಗಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆಂಬ ಹೆದರಿಕೆಯೋ, ಎಲ್ಲ ಮುಗಿದ ಮೇಲೆ ಒಬ್ಬನೇ ಒಳಗೊಳಗೆ ಹಿಗ್ಗಬಹುದೆಂಬ ಆಸೆಯೋ, ಎರಡೂ ಇದ್ದಿರಬೇಕು. ಹೆಚ್ಚು ಯಾವುದಿತ್ತು ಎಂದು ಎಷ್ಟು ಕೆದಕಿದರೂ ಸಿಗುತ್ತಿಲ್ಲ.

ಶುಕ್ರವಾರ ಜಹ್ರಾದ ಬಸ್ಸಿನಲ್ಲಿ ನಾನೇ ಹೋದೆ. ಡ್ರೈವರ್ ಪೇಶಾವರದ ಕಡೆಯವನು, ಹನ್ನೊಂದು ವರ್ಷದಿಂದ ಅದೇ ದಾರಿ. ನನ್ನನ್ನು ಚಾಚಾ ಎನ್ನುತ್ತಾನೆ. ಜುಮಾ ನಮಾಜು ಮುಗಿಸಿ ಬಂದ. ಎರಡು ಗಂಟೆ ಹತ್ತು ನಿಮಿಷಕ್ಕೆ ಜನ ಹತ್ತುವ ಕೊನೆಯ ಜಾಗದಿಂದ ಹೊರಟೆವು. ಮೇ ತಿಂಗಳ ಬಿಸಿಲು. ಬಸ್ಸು ತುಂಬಿತ್ತು. ಕೆಲವರು ಮಕ್ಕಳನ್ನೂ ಕರೆತಂದಿದ್ದರು. ಆ ನರ್ಸ್ ತಾಯಿ ಮಗಳ ಜೊತೆ ಮೂರನೆಯ ಸೀಟಿನಲ್ಲಿದ್ದರು. ಕಣ್ಣು ಕೆಂಪಾಗಿತ್ತು.

"ಎರಡು ಡ್ಯೂಟಿ ಒಟ್ಟಿಗೆ ಮಾಡ್ಬಿಟ್ಟು ಬಂದೆ ಅಂಕಲ್" ಎಂದರು. "ಇವತ್ತು ರಜ ಸಿಗಲ್ಲ ಅಂದ್ರು. ಬೇರೆಯವಳ ಪಾಳಿ ನಾನು ಮಾಡ್ಕೊಟ್ಟೆ, ನನ್ನದು ಅವಳು ಮಾಡ್ತಿದ್ದಾಳೆ. ಇವಳಪ್ಪಂಗೆ ನಾಲ್ಕಕ್ಕೆ ಅಂಗಡಿ ತೆಗೀಬೇಕು. ನಮ್ಮನೆ ವೋಟು ನನ್ನ ಕೈಲೇ."

ನಾನು ತಲೆಯಾಡಿಸಿ ಮುಂದೆ ಹೋಗಿ ಡ್ರೈವರನ ಪಕ್ಕ ಕುಳಿತೆ. ಹದಿನೈದು ನಿಮಿಷ ಕಳೆದಿತ್ತು. ಪೆಟ್ರೋಲ್ ಪಂಪು ಕಾಣಿಸಿತು.

"ಗಾಡಿ ಬದಿಗೆ ತೆಗಿ" ಎಂದೆ ಹಿಂದಿಯಲ್ಲಿ. "ಇಂಜಿನ್ ಬಿಸಿಯಾಗಿದೆ."

ಅವನು ಇಂಜಿನ್ ಬಿಸಿ ತೋರಿಸುವ ಮುಳ್ಳು ನೋಡಿದ, ನನ್ನನ್ನು ನೋಡಿದ. "ಚಾಚಾ, ಗಾಡಿ ತೋ ಠೀಕ್ ಹೈ."

"ನಾನು ಹೇಳ್ತೇನೆ, ಬಿಸಿಯಾಗಿದೆ."

ಹನ್ನೊಂದು ವರ್ಷದಲ್ಲಿ ನಾನು ಅವನಿಗೆ ಇಂಥ ಮಾತು ಹೇಳಿದ್ದಿಲ್ಲ. ಅವನು ಬದಿಗೆ ತೆಗೆದು ಇಂಜಿನ್ ನಿಲ್ಲಿಸಿದ. ನಾನು ಎದ್ದು ನಿಂತು ಎಲ್ಲರಿಗೂ ಹೇಳಿದೆ, ಇಂಜಿನ್ ಬಿಸಿಯಾಗಿದೆ, ಮೆಕ್ಯಾನಿಕ್ಕಿಗೆ ಫೋನ್ ಮಾಡಿದ್ದೇನೆ, ಐದು ನಿಮಿಷ. ಫೋನನ್ನು ಕಿವಿಗಿಟ್ಟು ಕೆಳಗಿಳಿದೆ. ಆ ಕಡೆ ಯಾರೂ ಇರಲಿಲ್ಲ.

ಮೊದಲ ಹತ್ತು ನಿಮಿಷ ಜನ ತಮಾಷೆ ಮಾಡಿದರು. ಹಿಂದಿನ ಸೀಟಿನಲ್ಲಿದ್ದ ಉಡುಪಿ ಕಡೆಯ ಹೋಟೆಲಿನವರು ಕೂಗಿದರು: "ಎಲೆಕ್ಷನ್ ಬಸ್ಸಲ್ವಾ ಮಾರಾಯ್ರೆ! ಮಾತು ಕೊಟ್ಟದ್ದು ಮೈದಾನ್ ಹವಲ್ಲಿಗೆ, ನಿಂತದ್ದು ಪೆಟ್ರೋಲ್ ಪಂಪಿನಲ್ಲಿ."

"ಇಳಿದು ತಳ್ಳುವನಾ?" ಎಂದರು ಇನ್ನೊಬ್ಬರು.

"ತಳ್ಳಿದ್ರೆ ನಿಮ್ಮ ಹೊಟ್ಟೆ ಕರಗೀತು, ಬಸ್ಸು ಹೊರಡ್ಲಿಕ್ಕಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಒಂದು ಮಗು ಅಳತೊಡಗಿತು. ಎಸಿ ನಿಂತ ಬಸ್ಸು ಮೇ ತಿಂಗಳಲ್ಲಿ ಒಲೆಯ ಹಾಗಾಗುತ್ತದೆ. ಮಗುವಿನ ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ನನಗೆ ನೋಡಲಾಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ಡ್ರೈವರನಿಗೆ ಮೆಲ್ಲಗೆ ಹೇಳಿದೆ, ಇಂಜಿನ್ ಚಾಲೂ ಮಾಡು, ಎಸಿ ಹಾಕು.

ಅವನು ಹಾಕಿದ. ತಣ್ಣನೆಯ ಗಾಳಿ ಬಂತು, ಮಗು ಸುಮ್ಮನಾಯಿತು. ಆ ಹುಡುಗಿ ತಲೆಯ ಮೇಲಿನ ಗಾಳಿಕಿಂಡಿಗೆ ಅಂಗೈ ಹಿಡಿದು, ನನ್ನ ಕಡೆ ತಿರುಗಿ ನೋಡಿದಳು. ಚೆನ್ನಾಗಿದೆ ಎನ್ನುತ್ತಿದ್ದಾಳೆ ಎಂದುಕೊಂಡು ನಾನು ಕೈಯಾಡಿಸಿದೆ.

ಮೂರು ಗಂಟೆಯಾಯಿತು. ನಗು ನಿಂತಿತ್ತು. ನರ್ಸ್ ತಾಯಿ ಕೆಳಗಿಳಿದು ಬಂದರು.

"ಅಂಕಲ್, ನಾವೊಂದು ನಾಲ್ಕು ಜನ ಸೇರ್ಕೊಂಡು ಟ್ಯಾಕ್ಸಿ ಮಾಡ್ಕೊಂಡು ಹೋಗ್ಬಿಡ್ತೀವಿ. ಉಳಿದೋರು ನಿಮ್ಜೊತೆ ಬರ್ಲಿ."

"ಬೇಡಮ್ಮ" ಎಂದೆ. "ಮೆಕ್ಯಾನಿಕ್ ಹತ್ತಿರ ಬಂದಿದ್ದಾನೆ. ಈ ಹೊತ್ತಿನಲ್ಲಿ ಇಲ್ಲಿ ಟ್ಯಾಕ್ಸಿ ಎಲ್ಲಿ ಸಿಗ್ತದೆ?"

ಹೇಳುತ್ತಿದ್ದಂತೆ ಅವರ ಬೆನ್ನ ಹಿಂದೆ, ಪಂಪಿನಲ್ಲಿ ಒಂದು ಖಾಲಿ ಟ್ಯಾಕ್ಸಿ ಪೆಟ್ರೋಲ್ ಹಾಕಿಸಿಕೊಳ್ಳುತ್ತಿತ್ತು. ಅವರು ತಿರುಗಲಿಲ್ಲ. ನನ್ನ ಮಾತು ನಂಬಿ ಬಸ್ಸು ಹತ್ತಿದರು. ಮಾಡಿದ ಎಲ್ಲದರಲ್ಲಿ ನನಗೆ ಹೆಚ್ಚು ನೆನಪಾಗುವುದು ಈ ಗಳಿಗೆ. ಬಸ್ಸು ನಿಲ್ಲಿಸಿದಾಗ ಎದುರಿಗೆ ಯಾರ ಮುಖವೂ ಇರಲಿಲ್ಲ, ಇಲ್ಲಿ ಅವರ ಮುಖವಿತ್ತು.

ಮೂರು ಮೂವತ್ತೈದಕ್ಕೆ ಹಳೆ ಮಂಡಳಿಯ ಕಾರ್ಯದರ್ಶಿಗಳ ಫೋನು ಬಂತು. ಅವರು ನಮ್ಮ ಕಡೆಯವರೇ. ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಲ್ಲಿದ್ದೀರಿ ಮಾರಾಯ್ರೆ? ಇನ್ನೂರ ಅರವತ್ತೆಂಟು ಜನ ಮಾತ್ರ. ಕೋರಂ ಆಗಲಿಲ್ಲ."

ನನ್ನ ಎದೆ ಉಬ್ಬಿತು. "ಹಾಗಾದ್ರೆ ಖಲಾಸ್ ಅಲ್ವಾ? ಸಭೆ ಇಲ್ಲ?"

"ಎಂಥ ಖಲಾಸ್? ಅರ್ಧ ಗಂಟೆ ಮುಂದೂಡಿದ್ದಾರೆ. ನಾಲ್ಕಕ್ಕೆ ಮತ್ತೆ ಸೇರ್ತದೆ. ಆಗ ಕೋರಂ ಬೇಡ, ಇದ್ದವರೇ ಕೋರಂ. ನಾಲ್ಕಕ್ಕೆ ಬಾಗಿಲು ಹಾಕ್ತಾರೆ, ಆಮೇಲೆ ಬಂದವರಿಗೆ ವೋಟಿಲ್ಲ. ನೋಟೀಸು ಹಂಚಿದ್ದು ನೀವೇ ಅಲ್ವಾ?"

ಅವರು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಜೀಪು, ದೇವಸ್ಥಾನ, ಪ್ರಸಾದದ ಎಲೆ ಎಲ್ಲ ಒಂದರ ಮೇಲೊಂದು ಕಣ್ಣ ಮುಂದೆ ಬಂದವು. ಅಲ್ಲಿ ಹಾಗಿತ್ತಲ್ಲ, ಇಲ್ಲಿ ಹೇಗೆ ಬೇರೆ?

"ಕೇಳಿಸ್ತದಾ?" ಎಂದರು ಅವರು. "ನಮ್ಮವರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಇದ್ದಾರೆ. ಸಲ್ವಾದವರು ಸುಮಾರು ಜನ ನಮ್ಮ ಕಡೆ. ಜಹ್ರಾ ಬಂದ್ರೆ ಗೆದ್ದೆವು. ಹಾರಿಕೊಂಡು ಬನ್ನಿ."

ನಾನು ಬಸ್ಸಿಗೆ ಹತ್ತಿ "ಯಲ್ಲಾ, ಯಲ್ಲಾ! ಹೊರಡು!" ಎಂದು ಕೂಗಿದೆ. ಮೆಕ್ಯಾನಿಕ್ಕು ಬಂದಿರಲಿಲ್ಲ, ಬಾನೆಟ್ಟು ತೆರೆದಿರಲಿಲ್ಲ. ಬಸ್ಸು ಹೊರಟಿತು. ಜನ ಚಪ್ಪಾಳೆ ತಟ್ಟಿದರು.

ಮೂರು ಮೂವತ್ತೇಳು. ಇಪ್ಪತ್ತಮೂರು ನಿಮಿಷ ಇತ್ತು. ಬೇರೆ ಶುಕ್ರವಾರ ಆಗಿದ್ದರೆ ಸಾಕಾಗುತ್ತಿತ್ತೇನೋ. ಶುವೈಖಿನ ಹತ್ತಿರ ರಸ್ತೆ ಕೆಲಸ ಇತ್ತು, ಮೂರು ಸಾಲು ಒಂದಾಗಿತ್ತು. ಡ್ರೈವರ್ ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ನಾನು ಮುಂದಿನ ಕಂಬಿ ಹಿಡಿದು ನಿಂತೇ ಇದ್ದೆ. ಕೂರುವ ಧೈರ್ಯವಾಗಲಿಲ್ಲ, ಹಿಂದೆ ತಿರುಗುವ ಧೈರ್ಯವೂ ಆಗಲಿಲ್ಲ.

ಶಾಲೆಯ ಗೇಟು ತಲುಪಿದಾಗ ನಾಲ್ಕು ಗಂಟೆ ಒಂಬತ್ತು ನಿಮಿಷ. ಸಭಾಂಗಣದ ಬಾಗಿಲು ಮುಚ್ಚಿತ್ತು. ಕಾವಲಿನವನು ದಿನವೂ ನನ್ನ ಚಹಾ ಕುಡಿಯುವವನು. ಕೈ ಮುಗಿದು, ಬಿಡುವ ಹಾಗಿಲ್ಲ ಎಂದ. ನಲವತ್ತೊಂದು ಜನ ಬಾಗಿಲ ಹೊರಗೆ ಮೊಬೈಲಿನಲ್ಲಿ ಸಿವಿಲ್ ಐಡಿ ತೆರೆದು ಹಿಡಿದುಕೊಂಡು ನಿಂತರು. ಒಳಗೆ ಹೆಸರು ಕೂಗುವುದು ಕೇಳಿಸುತ್ತಿತ್ತು. ಹೋಟೆಲಿನವರು ಈಗ ತಮಾಷೆ ಮಾಡಲಿಲ್ಲ. ಒಬ್ಬೊಬ್ಬರಾಗಿ ಮೊಬೈಲು ಜೇಬಿಗೆ ಹಾಕಿಕೊಂಡರು.

ಸಂಜೆ ಫಲಿತಾಂಶ ಬಂತು. ಜನ ತಂಡ ನೋಡಿ ಮತ ಹಾಕಿದ್ದರು. ಹೊಸ ತಂಡಕ್ಕೆ ನೂರ ನಲವತ್ತೈದು, ಹಳೆ ತಂಡಕ್ಕೆ ನೂರ ಇಪ್ಪತ್ತಮೂರು. ಇಪ್ಪತ್ತೆರಡರ ಅಂತರ. ಮಧ್ಯಾಹ್ನದ ಪಾಳಿಯವರು ಒಳಗೆ ಅರವತ್ತಕ್ಕಿಂತ ಹೆಚ್ಚು ಇರಲಿಲ್ಲ. ಹಳೆ ತಂಡದ ಮತಗಳಲ್ಲಿ ಉಳಿದ ಅಷ್ಟೇ ಜನ ಬೆಳಗಿನ ಬಸ್ಸಿನವರು, ತಮ್ಮ ಮಕ್ಕಳದ್ದಲ್ಲದ ಪಾಳಿ ಉಳಿಯಲಿ ಎಂದು ಮತ ಹಾಕಿದವರು. ಅವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಈಗ ಬೆಳಿಗ್ಗೆ ಬಸ್ಸಿನಿಂದ ಇಳಿಯುವ ಪ್ರತಿ ಮಗುವನ್ನು ನೋಡಿದಾಗಲೂ, ಇವನ ಅಪ್ಪನೋ, ಇವಳ ಅಮ್ಮನೋ ಎಂದು ಯೋಚಿಸುತ್ತೇನೆ.

ಎರಡು ದಿನದ ನಂತರ ಕಾರ್ಯದರ್ಶಿಗಳ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ.

"ಇದನ್ನು ನನಗೆ ಹೇಳಲೇ ಇಲ್ಲ ಅಂತ ಇಟ್ಟುಕೊಳ್ಳಿ" ಎಂದರು. "ಇನ್ನು ಯಾರಿಗೂ ಹೇಳಬೇಡಿ. ಹೇಳಿದ್ರೆ ಹೋದ ಚುನಾವಣೆ ವಾಪಸು ಬರುವುದಿಲ್ಲ. ಅರವತ್ತು ದಾಟಿದವರು, ಡಿಗ್ರಿ ಬೇರೆ ಇಲ್ಲ. ನಿಮ್ಮ ಇಕಾಮಾ ನೋಡಿಕೊಳ್ಳಿ."

ಅದು ನಿಜ. ನನ್ನಂಥವರಿಗೆ ಇಲ್ಲಿ ಇಕಾಮಾ, ಎಂದರೆ ವಾಸದ ಪರವಾನಗಿ, ನವೀಕರಿಸುವುದು ಪ್ರತಿ ಸಲವೂ ಒಂದು ಪರೀಕ್ಷೆ. ಜೂನ್ ತಿಂಗಳಲ್ಲಿ ನನ್ನದು ಮುಗಿಯುವುದಿತ್ತು. ಹೊಸ ಅಧ್ಯಕ್ಷರಾದ ಬ್ಯಾಂಕಿನವರು ಕಾಗದಕ್ಕೆ ಸಹಿ ಹಾಕಿ, "ನೀವಿಲ್ಲದೆ ಬಸ್ಸು ಯಾರು ನೋಡ್ತಾರೆ ಯಜಮಾನ್ರೇ" ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಬೇಡ ಎನ್ನಲಿಲ್ಲ. ಅದೇ ವಾರ ಸುತ್ತೋಲೆ ಬಂತು: ಮುಂದಿನ ಏಪ್ರಿಲಿನಿಂದ ಮಧ್ಯಾಹ್ನದ ಪಾಳಿ ಇರುವುದಿಲ್ಲ. ಅದನ್ನೂ ಕಟ್ಟು ಕಟ್ಟಿ ಬಸ್ಸುಗಳಿಗೆ ಹಂಚಿದವನು ನಾನೇ. ಈ ಸಲ ಕೊನೆಯ ಸಾಲಿನವರೆಗೂ ಓದಿದೆ.

ಬೇಸಿಗೆ ರಜೆಯಲ್ಲಿ ಗೊತ್ತಾಯಿತು, ಆ ನರ್ಸ್ ತಾಯಿ ಮಗಳನ್ನು ಹಾಸನಕ್ಕೆ ಕಳಿಸುತ್ತಿದ್ದಾರೆ. ಹತ್ತರ ನೋಂದಣಿಗೆ ಮೊದಲೇ ಸೇರಿಸಿದರೆ ಒಳ್ಳೆಯದೆಂದು. ಅಲ್ಲಿ ಅವರ ಅಕ್ಕನ ಮನೆಯಲ್ಲಿ ಇರುತ್ತಾಳೆ. ತಾಯಿ ತಂದೆ ಇಲ್ಲೇ.

ಆ ಹೊತ್ತಿಗೆ ನನಗೆ ಎಷ್ಟೋ ಸಲ ಅನ್ನಿಸಿತ್ತು, ಹೇಳುವುದರಿಂದ ಅವರಿಗೇನು ಲಾಭ, ಹಗುರಾಗುವುದು ನಾನು ಮಾತ್ರ ಎಂದು. ಹೇಳದೆ ಇರುವುದು ದಯೆಯೋ ಹೇಡಿತನವೋ ಬಿಡಿಸಲಾಗಲಿಲ್ಲ. ಕೊನೆಗೆ ಡ್ರೈವರನನ್ನೇ ಕೇಳಿದೆ. ಅವನೊಬ್ಬನಿಗೆ ಮೊದಲಿನಿಂದ ಗೊತ್ತಿತ್ತಲ್ಲ. ಟೈರಿನ ಗಾಳಿ ನೋಡುತ್ತಿದ್ದವನು ತಲೆಯೆತ್ತದೆ, "ಚಾಚಾ, ಆ ದಿನ ಕೇಳಬೇಕಿತ್ತು. ಇವತ್ತು ಯಾಕೆ ಕೇಳ್ತೀರಿ?" ಎಂದ.

ಹುಡುಗಿ ಊರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಜಹ್ರಾಕ್ಕೆ ಹೋದೆ. ಒಂದೇ ಕೋಣೆಯ ಮನೆ. ನೆಲದ ಮೇಲೆ ಎರಡು ಸೂಟ್‌ಕೇಸು, ಒಂದು ರಟ್ಟಿನ ಪೆಟ್ಟಿಗೆ. ಹುಡುಗಿ ಪುಸ್ತಕ ಜೋಡಿಸುತ್ತಿದ್ದಳು. "ಗುಡ್ ಮಾರ್ನಿಂಗ್ ಅಂಕಲ್" ಎಂದಳು. ತಾಯಿ ಚಹಾ ತಂದುಕೊಟ್ಟರು. ಗಂಡ ಅಂಗಡಿಯಲ್ಲಿದ್ದರು.

ನಾನು ಚಹಾ ಮುಟ್ಟದೆ ಹೇಳಿದೆ. "ಆ ದಿನ ಬಸ್ಸು ಕೆಟ್ಟಿರಲಿಲ್ಲಮ್ಮ."

ಅವರು ಆಶ್ಚರ್ಯಪಡಲಿಲ್ಲ. "ಗೊತ್ತು ಅಂಕಲ್" ಎಂದರು.

"ಗೊತ್ತಾ?"

"ಎಸಿ ನಡೀತಿತ್ತಲ್ಲ. ಈ ದಾರೀಲಿ ಎಷ್ಟು ಸಲ ಇಂಜಿನ್ ಬಿಸಿಯಾಗಿಲ್ಲ? ಬಿಸಿಯಾದ್ರೆ ಮೊದ್ಲು ಎಸಿ ಆಫ್ ಮಾಡ್ತಾರೆ. ಇವಳು ಅವತ್ತು ಬಸ್ಸಲ್ಲೇ ನನ್ನ ಕಿವೀಲಿ ಹೇಳಿದ್ಲು. ನಾನು ಸುಮ್ನಿರು ಅಂದೆ. ಅಂಕಲ್ ಹೇಳ್ತಿದ್ದಾರೆ ಅಂದ್ಮೇಲೆ ಏನೋ ಇರುತ್ತೆ ಅಂದೆ."

ಅವರೇ ಮುಂದುವರಿಸಿದರು.

"ಆಮೇಲೆ ನಿಮ್ಮ ಇಕಾಮಾ ಆ ಹೊಸ ಅಧ್ಯಕ್ಷರೇ ಮಾಡಿಕೊಟ್ರು ಅಂತ ಗೊತ್ತಾಯ್ತು. ಇಲ್ಲಿ ಎಲ್ರೂ ಅದೇ ಮಾತಾಡ್ಕೊಂಡ್ವಿ. ಪಾಪ, ಈ ವಯಸ್ಸಲ್ಲಿ ಹೆದರಿಸಿ ಮಾಡಿಸಿರ್ತಾರೆ ಅಂತ. ನನಗೆ ನಿಮ್ಮೇಲೆ ಕೋಪ ಇಲ್ಲ ಅಂಕಲ್. ನಾವೂ ಇಕಾಮಾದ ಮೇಲೆ ಬದುಕೋರೇ ಅಲ್ವಾ?"

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಅವರು ನನಗೊಂದು ಕಾರಣ ಕೊಟ್ಟಿದ್ದರು, ಕ್ಷಮೆಯನ್ನೂ ಕೊಟ್ಟಿದ್ದರು. ತಲೆ ತಗ್ಗಿಸಿ ಚಹಾ ಕುಡಿದು ಎದ್ದು ಬರಬಹುದಿತ್ತು. ಚಹಾದ ಲೋಟ ಕೈಗೆತ್ತಿಕೊಂಡೂ ಇದ್ದೆ.

"ಯಾರೂ ಹೆದರಿಸಲಿಲ್ಲಮ್ಮ" ಎಂದೆ ಲೋಟ ಕೆಳಗಿಟ್ಟು. "ಯಾರೂ ಹೇಳಲೂ ಇಲ್ಲ. ನಾನೇ ಮಾಡಿದ್ದು. ನಿಮಗೆ ಒಳ್ಳೆಯದಾಗಲಿ ಅಂತ ಮಾಡಿದ್ದು." ಕೋರಂ, ಜೀಪು, ನನ್ನ ಲೆಕ್ಕ ಎಲ್ಲವನ್ನೂ ಹೇಳಿದೆ. ಟ್ಯಾಕ್ಸಿ ಅಲ್ಲೇ ನಿಂತಿತ್ತು ಎಂಬುದನ್ನೂ ಹೇಳಿದೆ.

ಅವರು ಕೇಳುತ್ತ ಕೇಳುತ್ತ ಸೂಟ್‌ಕೇಸಿನ ಅಂಚಿನ ಮೇಲೆ ಕುಳಿತರು. ಹುಡುಗಿ ಪುಸ್ತಕ ಜೋಡಿಸುವುದನ್ನು ನಿಲ್ಲಿಸಿದ್ದಳು.

"ನಮ್ಮನ್ನ ಒಂದು ಮಾತು ಕೇಳ್ಬೋದಿತ್ತಲ್ಲ ಅಂಕಲ್" ಎಂದರು ಕೊನೆಗೆ. ದನಿ ಏರಲಿಲ್ಲ. "ನಲವತ್ತೊಂದು ಜನ ಇದ್ವಿ ಬಸ್ಸಲ್ಲಿ. ನಿಮ್ಮ ಹಿಂದೇನೇ ಕೂತಿದ್ವಿ. ಅದರಲ್ಲಿ ಒಬ್ರಾದ್ರೂ ಆ ನೋಟೀಸು ಪೂರ್ತಿ ಓದಿರ್ತಿದ್ರು. ನಾನು ಓದಿದ್ದೆ."

ಹೆದರಿಸಿ ಮಾಡಿಸಿದ್ದಾರೆ ಎಂದುಕೊಂಡಿದ್ದಾಗ ಅವರ ಮುಖದಲ್ಲಿದ್ದ ಮೃದುತನ ಈಗ ಇರಲಿಲ್ಲ. ಸುಳ್ಳನ್ನು ಕ್ಷಮಿಸಿದ್ದವರಿಗೆ ನನ್ನ ಒಳ್ಳೆಯತನವನ್ನು ಕ್ಷಮಿಸಲು ಆಗಲಿಲ್ಲ. ಅದು ನ್ಯಾಯವೇ ಎಂದು ಆಗ ಕೇಳಿಕೊಂಡೆ, ಈಗಲೂ ಕೇಳಿಕೊಳ್ಳುತ್ತೇನೆ. ಹೆಚ್ಚಿನ ದಿನ, ಹೌದು ಎಂದೇ ಅನ್ನಿಸುತ್ತದೆ.

ಎದ್ದು ಬಾಗಿಲವರೆಗೆ ಬಂದು ತಿರುಗಿ ನಿಂತೆ. ಏನಾದರೂ ಮಾಡಬೇಕಿತ್ತು, ಗೊತ್ತಿದ್ದದ್ದು ಒಂದೇ ಕೆಲಸ.

"ನಾಳೆ ಏರ್‌ಪೋರ್ಟಿಗೆ ನಾನು ಗಾಡಿ ತರ್ತೇನಮ್ಮ. ಸಾಮಾನು ಎಲ್ಲ ಹಿಡಿಸ್ತದೆ. ಎಷ್ಟು ಗಂಟೆಗೆ ಹೇಳಿ, ಹತ್ತು ನಿಮಿಷ ಮೊದಲೇ ಬಂದು ಕೆಳಗೆ ನಿಂತಿರ್ತೇನೆ."

ತಾಯಿ ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ.

"ಬೇಡ ಅಂಕಲ್" ಎಂದರು. "ಟ್ಯಾಕ್ಸಿ ಹೇಳಿದ್ದೀವಿ."